ಒಂದು ದಿನದ ಅತ್ತೆ

ನಮ್ಮ ಅಕ್ಕನ ದನಿ ಹೇಗಿತ್ತು ಎಂದು ಯಾರಾದರೂ ಕೇಳಿದ್ದರೆ ಬಹಳ ವರ್ಷ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಅವ್ವನ ದನಿ ಗೊತ್ತು, ಸ್ವಲ್ಪ ಒಡಕು. ಅಪ್ಪನದು ಮಗ್ಗದ ಸದ್ದನ್ನು ಮೀರಿಸಿ ಮೀರಿಸಿ ದೊಡ್ಡದಾದ ದನಿ. ಆಯಿ ಎಂದು ನಾವು ಕರೆಯುತ್ತಿದ್ದ ಅಜ್ಜಿಯದು ಹಪ್ಪಳ ಮುರಿದಂಥ ದನಿ. ಅಕ್ಕ ಮಾತ್ರ ಯಾರ ಜೊತೆ ಕೂತಿರುತ್ತಾಳೋ ಅವರ ದನಿಯಲ್ಲೇ ಮಾತಾಡುತ್ತಿದ್ದಳು. ಬೇಕಂತ ಅಣಕಿಸುತ್ತಿದ್ದಳು ಎಂದು ತಿಳಿಯಬೇಡಿ. ಅಣಕಿಸುವವರ ಮುಖದಲ್ಲಿ ಒಂದು ತುಂಟತನ ಇರುತ್ತದಲ್ಲ, ಅದು ಅವಳ ಮುಖದಲ್ಲಿ ಇರುತ್ತಿರಲಿಲ್ಲ.

ಇಳಕಲ್ಲಿನ ನಮ್ಮ ಮನೆಯಲ್ಲಿ ಮುಂದೆ ಮಗ್ಗದ ಕೋಣೆ, ಹಿಂದೆ ಅಡುಗೆ ಮನೆ, ನಡುವೆ ಹಗಲಲ್ಲೂ ದೀಪ ಬೇಕಾದ ಪಡಸಾಲೆ. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದೆ. ನಾನು ಬ್ಲೌಸ್ ಹೊಲಿಯುವವಳು, ಆಗ ಇನ್ನೂ ಕಲಿಯುತ್ತಿದ್ದೆ. ಮಗ್ಗದ ಕೋಣೆಯಿಂದ ಅವ್ವ ಕೂಗಿದಳು, "ಹಾಲು ಉಕ್ಕಾಕತ್ತೈತಿ, ನೋಡ್ ಹೋಗ." ನಾನು ಅಡುಗೆ ಮನೆಗೆ ಓಡಿದೆ. ಅಲ್ಲಿ ಒಲೆಯ ಮುಂದೆ ಅವ್ವ ನಿಂತಿದ್ದಳು. ಹಾಲು ಉಕ್ಕಿರಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಮಗ್ಗದ ಕೋಣೆಯಿಂದ ಅವ್ವನ ಕೆಮ್ಮು ಕೇಳಿಸಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಕಿ ಅಲ್ಲಿ ನಾನಾಗಿ ಕುಂತಾಳ" ಎಂದಳು. ನಾನು ನಕ್ಕೆ. ಅವ್ವ ನಗಲಿಲ್ಲ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಸಾಲಿಯಲ್ಲಿ ಅವಳಿಗೆ ಒಬ್ಬ ಗೆಳತಿ ಸಿಕ್ಕಳೆಂದರೆ ಮುಗಿಯಿತು, ಗೆಳತಿಯ ನಡಿಗೆ, ಗೆಳತಿಯ ಜಡೆ, ಗೆಳತಿ ಉಪ್ಪಿಟ್ಟು ತಿನ್ನದಿದ್ದರೆ ಇವಳೂ ತಿನ್ನುವುದಿಲ್ಲ. ಆ ಗೆಳತಿ ದೇವತೆ. ಅವಳು ಒಂದು ದಿನ ಬೇರೆಯವರ ಜೊತೆ ನೀರಿಗೆ ಹೋದಳೆಂದು ಗೊತ್ತಾದರೆ ಅದೇ ದೇವತೆ ಮಾರಿಯಾಗುತ್ತಿದ್ದಳು. ಅಕ್ಕ ಬಾಗಿಲು ಹಾಕಿಕೊಂಡು ಅರಚುತ್ತಿದ್ದಳು. ಆಮೇಲೆ ಒಳಗೆ ಏನೂ ಸದ್ದಿಲ್ಲ. ಒಮ್ಮೆ ಕಿಟಕಿಯಿಂದ ಇಣುಕಿದೆ. ಗೋಡೆಯ ಕನ್ನಡಿಯ ಮುಂದೆ ಕೂತಿದ್ದಳು, ಯಾರದೋ ಮನೆಗೆ ಬಂದು ಯಾರೂ ಇಲ್ಲದ್ದನ್ನು ನೋಡಿ ಕಾಯುತ್ತಾ ಕೂತ ನೆಂಟರ ಹಾಗೆ. "ಏನ್ ನೋಡಾಕತ್ತೀ?" ಎಂದೆ. "ಒಳಗ ಯಾರೂ ಇಲ್ಲ" ಎಂದಳು. ಅದನ್ನು ನನ್ನ ದನಿಯಲ್ಲೇ ಹೇಳಿದಳು.

ಅವಳ ಮುಂಗೈಯಲ್ಲಿ ಗೆರೆಗಳಿದ್ದವು. ಬಳೆ ಒಡೆದು ಆಯಿತು ಎನ್ನುತ್ತಿದ್ದಳು. ಅಷ್ಟೊಂದು ಬಳೆ ಯಾರ ಮನೆಯಲ್ಲೂ ಒಡೆಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು, ಬಾಯಿ ಬಿಡುವವರು ಯಾರೂ ಇರಲಿಲ್ಲ. ಓಣಿಯವರು ಅವಳಿಗೆ ಹಟಮಾರಿ ಎಂದರು, ನಾಟಕದಾಕಿ ಎಂದರು. ಹುಚ್ಚು ಬಿಡದ ಹೊರತು ಮದುವೆ ಆಗುವುದಿಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಮ್ಮ ಮನೆಯವರು ವೈದ್ಯಶಾಸ್ತ್ರವೆಂದೇ ತಿಳಿದವರು. ಕುಳಗೇರಿ ಕ್ರಾಸಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನೊಬ್ಬನಿಗೆ ಕೊಟ್ಟು ಮದುವೆ ಮಾಡಿದರು. ಅವನು ಕೆಟ್ಟವನಲ್ಲ. ಮೊದಲ ಆರು ತಿಂಗಳು ಅವನು ದೇವರು. ಅವನ ಹಾಗೇ ಕಾಲು ಎಳೆದು ನಡೆಯುತ್ತಿದ್ದಳು, ಅವನ ಹಾಗೇ ಗ್ರಾಹಕರಿಗೆ "ಹೇಳ್ರಿ ಸಾವಕಾರ್ರ" ಎನ್ನುತ್ತಿದ್ದಳು. ಒಂದು ದಿನ ಅವನು ಕೆರೂರಿನ ಸಂತೆಗೆ ಹೋದವನು ರಾತ್ರಿ ತಡವಾಗಿ ಬಂದ. ತನ್ನನ್ನು ಬಿಟ್ಟು ಹೋದನೆಂದು ಅವಳು ಅಂಗಡಿಯ ಗಾಜು ಒಡೆದು ಹಾಕಿದ್ದಳು. ಮರುದಿನ ಅವನೇ ಬಸ್ಸಿಗೆ ಕೂರಿಸಿ ಕರೆತಂದು ಬಿಟ್ಟು, "ಸ್ವಲ್ಪ ದಿವ್ಸ ಇರ್ಲಿ ಮಾವಾರ, ನನಗ ಅಂಜಿಕಿ ಆಗಾಕತ್ತೈತಿ" ಎಂದ. ಹೊರಡುವಾಗ ಅವನ ಕಣ್ಣಲ್ಲಿ ನೀರಿತ್ತು. ಅವನ ಮೇಲೆ ನನಗೆ ಸಿಟ್ಟು ಬಂದದ್ದು ಖರೆ, ಆದರೆ ಆ ಅಂಜಿಕೆ ನನಗೂ ಪರಿಚಯದ್ದೇ.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ, ಆಯಿಯ ಮಗಳು. ಬಾದಾಮಿಗೆ ಕೊಟ್ಟಿದ್ದರು. ನಾವು ಹುಟ್ಟುವ ಮೊದಲೇ, ಮದುವೆಯಾದ ಎರಡನೇ ವರ್ಷ, ಅಲ್ಲಿನ ಕೆರೆಯಲ್ಲಿ ಹೋದಳು. ಕಾಲು ಜಾರಿತು ಎಂದು ಮನೆಯವರು ಹೇಳುತ್ತಿದ್ದರು, ಹೇಳಿದವರೇ ಕೂಡಲೇ ಬೇರೆ ಮಾತು ತೆಗೆಯುತ್ತಿದ್ದರು. ಗೋಡೆಯ ಮೇಲೆ ಅವಳ ಫೋಟೋ ಇತ್ತು. ಮುತ್ತೈದೆಯಾಗಿ ಸತ್ತವಳಾದ್ದರಿಂದ ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ಅಪ್ಪ ಅವಳ ಹೆಸರಿನಲ್ಲಿ ಒಂದು ಸೀರೆ ನೇಯುತ್ತಿದ್ದ. ಆ ಸೀರೆಯನ್ನು ಫೋಟೋದ ಮುಂದೆ ಇಟ್ಟು ಪೂಜೆ ಮಾಡಿ, ಮನೆಯ ಒಬ್ಬ ಮುತ್ತೈದೆಗೆ ಉಡಿಸುವುದು ನಮ್ಮ ಮನೆತನದ ಪದ್ಧತಿ. ಉಟ್ಟವಳು ಅವತ್ತು ಒಂದು ದಿನ ಅತ್ತೆ. ಅವಳಿಗೆ ಕರಿಗಡಬು ಬಡಿಸಿ ಆಯಿ ಕೇಳುತ್ತಾಳೆ, "ಬಂದಿ ಏನವಾ? ಏನ್ ಬೇಕು?" ಉಟ್ಟವಳು "ಬಂದೇನವ್ವಾ, ಎಲ್ಲಾ ತೃಪ್ತಿ ಆತು" ಎನ್ನಬೇಕು. ಮರುದಿನ ಸೀರೆ ಒಗೆದು ಮಡಿಚಿಟ್ಟರೆ ಅತ್ತೆ ಹೋದಳು. ಬಹಳ ವರ್ಷ ಇದನ್ನು ಮಾಡುತ್ತಿದ್ದವಳು ಅವ್ವ. ಅರ್ಧ ಮನಸ್ಸಿನಿಂದ ಮಾಡುತ್ತಿದ್ದಳು, ಒಲೆಯ ಮೇಲಿನ ಸಾರಿನ ಕಡೆ ಕಣ್ಣಿಟ್ಟುಕೊಂಡು.

ಅಕ್ಕ ತವರಿಗೆ ಬಂದ ಆ ವರ್ಷ ಆಯಿ ಸೀರೆಯನ್ನು ಅಕ್ಕನಿಗೆ ಉಡಿಸಿದಳು. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಕೊಂಡಿ ಹಾಕುವ ಕೆಲಸ ಅಕ್ಕನದು. ಆ ಕೆಲಸ ಮಾಡುವಾಗ ಮಾತ್ರ ಅವಳು ಯಾರ ಹಾಗೂ ಇರುತ್ತಿರಲಿಲ್ಲ. ಅತ್ತೆಯ ಆ ಸೀರೆಗೂ ಅವಳೇ ಕೊಂಡಿ ಹಾಕಿದ್ದಳು.

ಆಯಿ ಕೇಳಿದಳು, "ಬಂದಿ ಏನವಾ? ಏನ್ ಬೇಕು?" ಅಕ್ಕ ತಲೆ ಬಗ್ಗಿಸಿ ಕೂತಿದ್ದಳು. ಗಂಟಲನ್ನು ಸಣ್ಣಗೆ ಒಮ್ಮೆ ಸರಿಮಾಡಿಕೊಂಡಳು. ಆ ಸದ್ದಿಗೇ ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದ. ಅಕ್ಕ ತಲೆ ಎತ್ತಿ, ನಾನು ಯಾವತ್ತೂ ಕೇಳದ ಒಂದು ಎಳೆಯ ದನಿಯಲ್ಲಿ, "ಎಷ್ಟ್ ತಡಾ ಮಾಡಿ ಕರದ್ರಿ" ಎಂದಳು. ಆಯಿಯ ಕೈಯಲ್ಲಿದ್ದ ತಾಟು ಕೆಳಗೆ ಬಿತ್ತು.

ಅವಳು ನಕ್ಕರೆ ಅತ್ತೆಯ ನಗು ಎಂದು ಆಯಿ ಹೇಳಿದಳು. ಸೆರಗು ಸಿಕ್ಕಿಸುವ ರೀತಿ ಅತ್ತೆಯದು. ಮಧ್ಯಾಹ್ನ ಕೂತು ಒಂದು ಸೋಬಾನದ ಪದ ಗುನುಗಿದಳು, ಅರ್ಧಕ್ಕೆ ಒಂದು ಜಾಗದಲ್ಲಿ ನಿಲ್ಲಿಸಿದಳು. ಅಪ್ಪ ಮುಖ ಮುಚ್ಚಿಕೊಂಡು, "ಅಲ್ಲೇ ಬಿಡ್ತಿದ್ಲು, ಅಲ್ಲೇ" ಎಂದು ಅತ್ತ. ಎಷ್ಟೋ ದಿನದ ಮೇಲೆ ನಾನು ಗಮನಿಸಿದೆ, ಆಯಿ ಬತ್ತಿ ಹೊಸೆಯುತ್ತಾ ಅದೇ ಪದ ಗುನುಗುತ್ತಾಳೆ, ಅಲ್ಲೇ ನಿಲ್ಲಿಸುತ್ತಾಳೆ, ತನಗೇ ಗೊತ್ತಿಲ್ಲದೆ. ಅಕ್ಕ ಹುಟ್ಟಿದಾಗಿನಿಂದ, ಸತ್ತ ಮಗಳ ಕತೆ ಹೇಳಿ ಹೇಳಿ ಆಯಿಯೇ ಅವಳೊಳಗೆ ಅತ್ತೆಯನ್ನು ತುಂಬಿದ್ದಳು. ಆದರೆ ಆ ದಿನ ಇದೆಲ್ಲ ಹೊಳೆಯುವುದು ಹೇಗೆ?

ಮರುದಿನ ಸೀರೆ ಒಗೆಯಬೇಕಿತ್ತು. ಅಕ್ಕ ಬಿಚ್ಚಲಿಲ್ಲ. ಯಾರೂ ಬಿಚ್ಚು ಎನ್ನಲಿಲ್ಲ. ನಮ್ಮ ಮನೆಯವರು ಮಾಡಿದ ದೊಡ್ಡ ತಪ್ಪು ಇದೊಂದೇ. ಯಾಕೆ ಸುಮ್ಮನಿದ್ದರು ಎಂದರೆ, ಮನೆ ತಣ್ಣಗಾಗಿತ್ತು. ಅರಚುವುದಿಲ್ಲ, ಒಡೆಯುವುದಿಲ್ಲ, ಬಾಗಿಲು ಹಾಕಿಕೊಳ್ಳುವುದಿಲ್ಲ. ಅಪ್ಪನ ಪಕ್ಕ ಕೂತು ಊಟ ಬಡಿಸುತ್ತಾಳೆ, ಆಯಿಯ ತಲೆಗೆ ಎಣ್ಣೆ ಹಚ್ಚುತ್ತಾಳೆ. ನಾಟಕದಾಕಿ ಎಂದಿದ್ದ ಓಣಿಯವರು ಈಗ ಹೊಸಿಲಾಚೆ ಚಪ್ಪಲಿ ಬಿಟ್ಟು ಕೈಮುಗಿದು ಬರುತ್ತಿದ್ದರು. ಆಯಿಯಂತೂ ಇಪ್ಪತ್ತು ವರ್ಷ ಚಿಕ್ಕವಳಾಗಿದ್ದಳು. ಅವ್ವ ಒಬ್ಬಳೇ ರಾತ್ರಿ ನನ್ನ ಹಾಸಿಗೆಗೆ ಬಂದು ಮಲಗುತ್ತಿದ್ದಳು. "ಅಕಿ ನನಗ ವೈನಿ ಅಂತಾಳ" ಎಂದು ಪಿಸುಗುಡುತ್ತಿದ್ದಳು. ವೈನಿ ಎಂದರೆ ಅತ್ತಿಗೆ, ಅತ್ತೆ ಅವ್ವನನ್ನು ಕರೆಯುತ್ತಿದ್ದದ್ದು ಹಾಗೆ. "ನನ್ನ ಮಗಳು ನನಗ ವೈನಿ ಅಂದ್ರ ನಾ ಹೆಂಗ ಓ ಅನ್ಲಿ?"

ಎರಡು ತಿಂಗಳಾಗುತ್ತಾ ಬಂದಾಗ ಅಕ್ಕ ಹೊಸ ಮಾತು ಶುರು ಮಾಡಿದಳು. "ನನ್ನ ಮನಿಗೆ ಕಳಸ್ರಿ." ಕುಳಗೇರಿ ಕ್ರಾಸಿಗೆ ಅಲ್ಲ. "ಬಾದಾಮಿಗೆ ಕಳಸ್ರಿ. ಭಾಳ ದಿನಾ ಆತು." ಆಯಿ ಕಣ್ಣೊರೆಸಿಕೊಂಡು, "ಹೋಗೂಣಂತ ತಾಯಿ" ಎನ್ನುತ್ತಿದ್ದಳು. ಅತ್ತೆಯ ಕತೆ ಬಾದಾಮಿಯಲ್ಲೇ ಮುಗಿದದ್ದು, ಹೇಗೆ ಮುಗಿಯಿತು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆಯ ನಗು, ಅತ್ತೆಯ ಹಾಡು ಎಲ್ಲ ತೆಗೆದುಕೊಂಡವಳು ಅದನ್ನೊಂದು ಬಿಡುತ್ತಾಳೆಯೇ?

ಅಪ್ಪನ ಜೊತೆ ಜಗಳ ತೆಗೆದೆ. ನಾನು ಜಗಳಕ್ಕೆ ನಿಂತರೆ ಮೂರು ಮನೆಗೆ ಕೇಳಿಸುತ್ತದೆ, ಅದಕ್ಕೇನು ನಾಚಿಕೆಯಿಲ್ಲ. ಅಕ್ಕನನ್ನು ಹುನಗುಂದಕ್ಕೆ ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವಳ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ನನ್ನ ದನಿ, ಅವ್ವನ ದನಿ, ಅತ್ತೆಯ ದನಿ, ಮೂರೂ ಒಂದೇ ಬಾಯಿಯಿಂದ. ಡಾಕ್ಟರ್ ಕೇಳಿ ನಕ್ಕರು. "ಚಲೋ ಆ್ಯಕ್ಟಿಂಗ್ ಮಾಡ್ತಾಳಲ್ಲವಾ ನಿಮ್ಮಕ್ಕ. ಏನಿಲ್ಲ, ಟೆನ್ಶನ್" ಎಂದು ಶಕ್ತಿಯ ಟಾನಿಕ್ ಬರೆದರು. ಬಾಗಲಕೋಟೆಯಲ್ಲಿ ಇನ್ನೊಬ್ಬರು ನರದ ದೌರ್ಬಲ್ಯ ಎಂದು ಒಂದು ಬಾಟಲಿ ಸಲೈನ್ ಏರಿಸಿದರು, ನಿದ್ದೆ ಗುಳಿಗೆ ಕೊಟ್ಟರು. ನಿದ್ದೆಯಲ್ಲೂ ಅವಳು ಸೆರಗು ಅತ್ತೆಯ ಹಾಗೇ ಹಿಡಿದುಕೊಂಡಿದ್ದಳು. ಸಲೈನ್ ಹಾಕಿದ ನರ್ಸ್, ಮುಂಗೈ ಗೆರೆಗಳನ್ನು ನೋಡಿದವಳು, ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಒಬ್ಬರಾದರೂ ಒಂದು ಮಾತು ಮುಂದೆ ಕೇಳಿದ್ದರೆ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಯಿಯ ದಾರಿಯೇ ಬೇರೆ. ಮಗಳ ಜೀವ ಶಾಂತವಾಗಲಿ ಎಂದು ಒಂದು ಶನಿವಾರ ತುಳಸಿಗೇರಿಯ ಹನುಮಪ್ಪನ ಗುಡಿಗೆ ಹೊರಡಿಸಿದಳು. ಅಂಗಳದಲ್ಲಿ ಎಲ್ಲಿಂದಲೋ ಬಂದ ಒಬ್ಬ ಹೆಣ್ಣುಮಗಳು ಮೈಮೇಲೆ ಬಂದು ಕೂದಲು ಬಿಚ್ಚಿಕೊಂಡು ತೂಗುತ್ತಿದ್ದಳು, ಸುತ್ತಲೂ ಅವಳ ಮನೆಯವರು. ಅಕ್ಕ ಅವಳನ್ನೇ ನೋಡುತ್ತಾ ಎದುರಿಗೆ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕನೂ ತೂಗತೊಡಗಿದಳು, ಅದೇ ಬೀಸು, ಅದೇ ಉಸಿರು, ತಲೆ ಎಡಕ್ಕೆ ಬಿದ್ದಾಗ ಅದೇ ನರಳಿಕೆ. ನೋಡುತ್ತಾ ನೋಡುತ್ತಾ ಆ ಹೆಣ್ಣುಮಗಳು ನಿಲ್ಲಿಸಿಬಿಟ್ಟಳು. ಕೂದಲು ಸರಿಸಿ ಅಕ್ಕನನ್ನು ನೋಡಿದಳು. "ಯವ್ವಾ, ನಂದು ಅಕಿ ತಗೊಂಡ್ಲು" ಎಂದು ಎದ್ದು ತನ್ನವರ ಹಿಂದೆ ಅಡಗಿಕೊಂಡಳು. ಅಲ್ಲಿದ್ದವರು ನಮಗೆ ದಾರಿ ಬಿಟ್ಟು ದೂರ ನಿಂತರು. ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಒರಗಿಸಿ ಅತ್ತೆಯ ದನಿಯಲ್ಲಿ, "ಬಾದಾಮಿಗೆ ಯಾವಾಗ?" ಎಂದು ಕೇಳಿದಳು.

ಆಯಿ ಕೊನೆಗೂ ಹೊರಟಳು. ಕೆರೆಗೆ ಬಾಗಿನ ಕೊಟ್ಟರೆ ಮಗಳು ಶಾಂತಳಾಗುತ್ತಾಳೆ ಎಂದು ಯಾರೋ ಹೇಳಿದ್ದರಂತೆ. ಅಪ್ಪ ಹೂಂ ಅಂದ. ನಾನು ಬೇಡವೆಂದು ಬಾಗಿಲಿಗೆ ಅಡ್ಡ ನಿಂತೆ, ನಡೆಯಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದಕ್ಕಿಂತ ಜೊತೆಗೆ ಹೋಗುವುದು ವಾಸಿ ಎಂದು ಬಸ್ ಹತ್ತಿದೆ.

ಬಾದಾಮಿಯಲ್ಲಿ ಬಸ್ಸಿಳಿದವಳೇ ಅಕ್ಕ ಮುಂದೆ ನಡೆದಳು. ಅವಳು ಅತ್ತೆಯ ಗಂಡನ ಮನೆಯನ್ನು ಒಮ್ಮೆಯೂ ನೋಡಿದವಳಲ್ಲ. ಅತ್ತೆ ಸತ್ತ ಮೇಲೆ ನಮ್ಮವರು ಯಾರೂ ಆ ಓಣಿಗೆ ಕಾಲಿಟ್ಟಿಲ್ಲ, ಅವಳ ಗಂಡನ ಕಡೆಯವರು ಮನೆ ಮಾರಿ ಹೋಗಿ ಎಷ್ಟೋ ಕಾಲವಾಗಿತ್ತು. ಅಕ್ಕ ಎರಡು ಓಣಿ ಬಿಟ್ಟು ಮೂರನೆಯದಕ್ಕೆ ತಿರುಗಿ, ಒಂದು ಕಬ್ಬಿಣದ ಬಾಗಿಲಿನ ಮುಂದೆ ನಿಂತು, "ಬಾಗಲಾ ಬದಲಿ ಮಾಡ್ಯಾರ" ಎಂದಳು. ಆಯಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಅದೇ ಮನೆಯಾಗಿತ್ತು. ಆಯಿ ಯಾವಾಗಲೋ ದಾರಿ ಹೇಳಿರಬೇಕು ಎಂದು ಆಮೇಲೆ ಸಿಕ್ಕ ಇನ್ನೊಬ್ಬ ಡಾಕ್ಟರ್ ಅಂದರು. ಹೇಳಿಲ್ಲ ಎಂದು ಆಯಿ ಆಣೆ ಮಾಡುತ್ತಾಳೆ. ಇರಲಿ ಬಿಡಿ.

ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಇಲ್ಲಿ ಒಂದು ಏಟು ಬಿದ್ದರೆ ಎದುರಿನ ಕೆಂಪು ಬಂಡೆಯಿಂದ ಇನ್ನೊಂದು ಏಟು ವಾಪಸು ಬರುತ್ತಿತ್ತು. ಅಕ್ಕ ಅದನ್ನು ಕೇಳುತ್ತಾ ನಿಂತಳು. ಬಂಡೆಗೆ ಮುಖ ಮಾಡಿ "ಓ" ಎಂದು ಕೂಗಿದಳು. ಬಂಡೆ "ಓ" ಎಂದಿತು. ಅಕ್ಕ ತಿರುಗಿ ನನ್ನನ್ನು ನೋಡಿ, "ಅದೂ ನನ್ನಂಗ ಐತಿ, ನೋಡ್. ಒಳಗ ಯಾರೂ ಇಲ್ಲ" ಎಂದಳು. ಅದು ಅತ್ತೆಯ ಮಾತಾಗಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಆಯಿ ಮೊರದಲ್ಲಿ ಅರಿಸಿನ ಕುಂಕುಮ ಜೋಡಿಸುತ್ತಾ, "ಕುಪ್ಪಸದ ಕಣಾ ಎಲ್ಲಿಟ್ಟಿ?" ಎಂದು ನನ್ನನ್ನು ಕರೆದಳು. ಚೀಲ ತೆಗೆಯಲು ಕೈ ಬಿಟ್ಟೆ. ಚೀಲದೊಳಗೆ ತಡಕುತ್ತಿದ್ದೆ, ಒಗೆಯುವ ಸದ್ದು ನಿಂತಿತು. ಬಂಡೆಯ ಸದ್ದೂ ನಿಂತಿತು. ತಿರುಗಿದೆ. ಮೆಟ್ಟಿಲ ಮೇಲೆ ಅಕ್ಕ ಇರಲಿಲ್ಲ. ನೀರಿನ ಮೇಲೆ ಕೆಂಪು ಸೆರಗು ಹರಡಿಕೊಂಡಿತ್ತು.

ಕೂಗಿದ್ದು ನಾನೋ ಬಂಡೆಯೋ ಗೊತ್ತಿಲ್ಲ. ಒಗೆಯುತ್ತಿದ್ದವರಲ್ಲಿ ಒಬ್ಬಾಕೆ ಸೀರೆ ಮೇಲಕ್ಕೆ ಕಟ್ಟಿ ನೀರಿಗಿಳಿದು ಸೆರಗಿನ ತುದಿ ಹಿಡಿದು ಎಳೆದಳು, ಉಳಿದವರು ಅವಳನ್ನು ಎಳೆದರು. ಅಕ್ಕನ ಭಾರವೆಲ್ಲ ಆ ಸೆರಗಿನ ಮೇಲಿತ್ತು. ಕೊಂಡಿ ಬಿಡಲಿಲ್ಲ. ಅಕ್ಕನೇ ಹಾಕಿದ ಕೊಂಡಿ.

ಬಾದಾಮಿಯ ದವಾಖಾನೆಯಲ್ಲಿ ಮೊದಲ ಉಪಚಾರ ಮಾಡಿ ಆಂಬುಲೆನ್ಸಿನಲ್ಲಿ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯುದ್ದ ಅವಳು ಕಣ್ಣು ಬಿಟ್ಟೇ ಇದ್ದಳು. ಮರುದಿನ ಜೀವಕ್ಕೆ ಅಪಾಯವಿಲ್ಲ ಎಂದರು. ಇಳಕಲ್ಲಿನಿಂದ ಅಪ್ಪ ಅವ್ವ ಬಂದಿದ್ದರು. ಆಯಿ ಕಾರಿಡಾರಿನ ಬೆಂಚಿನ ಮೇಲೆ ಕೂತು, "ಆತು. ಅಕಿ ನೀರಿಗೆ ಹೋದ್ಲು, ಇಕಿ ಉಳದ್ಲು. ಋಣಾ ಹರೀತು. ಮನಿಗೆ ಕರಕೊಂಡು ಹೋಗೂಣು" ಎಂದಳು. ಅಪ್ಪ ತಲೆಯಾಡಿಸಿದ. ಅಕ್ಕ ಮತ್ತೆ ತಣ್ಣಗೆ ಮಲಗಿದ್ದಳಲ್ಲ, ಅವರಿಗೆ ಅಷ್ಟು ಸಾಕು. ನಾನು ಆ ಕಾರಿಡಾರಿನಲ್ಲೇ ಅರಚಿದೆ. "ನಿಮಗ ತಣ್ಣಗಿದ್ರ ಮುಗೀತು! ತಣ್ಣಗ ಹೆಣಾನೂ ಇರ್ತೈತಿ!" ಎಂದೆ. ಅಪ್ಪ ಕೈ ಎತ್ತಿದ, ಇಳಿಸಿದ. ಗದ್ದಲ ಕೇಳಿ ಒಳಗಿನಿಂದ ಒಬ್ಬ ಹೆಣ್ಣು ಡಾಕ್ಟರ್ ಬಂದರು. ಮನೋರೋಗ ವಿಭಾಗದವರು, ಅಕ್ಕನನ್ನು ನೋಡಲೆಂದೇ ಅವರಿಗೆ ಹೇಳಿ ಕಳಿಸಿದ್ದರಂತೆ. ವಯಸ್ಸಾದವರು, ನಮ್ಮ ಕಡೆಯ ಮಾತೇ ಆಡುತ್ತಿದ್ದರು.

ಅವರು ಎಲ್ಲರನ್ನೂ ಹೊರಗೆ ನಿಲ್ಲಿಸಿದರು. ಅಕ್ಕ ನನ್ನ ಓಢಣಿಯ ತುದಿ ಹಿಡಿದಿದ್ದಳು, ಬಿಡಿಸಲಾಗದೆ ನನ್ನನ್ನು ಮಾತ್ರ ಬಿಟ್ಟರು. "ಬಾಯಾರ, ಇಲ್ಲೇ ನಮ್ಮ ವಾರ್ಡಿನ್ಯಾಗ ಕೆಲವು ದಿವ್ಸ ಇರ್ತೀರೇನು? ನಿಮ್ಮ ಮನಿಯವರದಲ್ಲ, ನಿಮ್ಮ ಮಾತು ಬೇಕು ನನಗ" ಎಂದರು. ಅಕ್ಕ ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಸರಿಮಾಡಿಕೊಂಡು, ಅದೇ ಡಾಕ್ಟರ ದನಿಯಲ್ಲಿ, ಅದೇ ಸಣ್ಣ ಉಬ್ಬಸದಲ್ಲಿ, "ನಿಮ್ಮ ಮಾತು ಬೇಕು ನನಗ" ಎಂದಳು. ಡಾಕ್ಟರ ಕೈ ಅವರ ಕನ್ನಡಕದ ಹತ್ತಿರ ಹಾಗೇ ನಿಂತಿತು. ಅವರು ಕೈ ಕೆಳಗಿಳಿಸಿ ಸುಮ್ಮನೆ ಕೂತರು. ಮಾತಿಲ್ಲ, ಅಲುಗಾಟವಿಲ್ಲ, ಮುಖದಲ್ಲಿ ನಗುವಿಲ್ಲ ಸಿಟ್ಟಿಲ್ಲ. ನನಗೂ ಕಣ್ಣಲ್ಲೇ ಸುಮ್ಮನಿರು ಎಂದರು.

ಅಕ್ಕ ಅವರ ಮುಖ ನೋಡಿದಳು, ತೆಗೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ನನ್ನ ಮುಖ ನೋಡಿದಳು. ಫ್ಯಾನಿನ ಕಡೆ ನೋಡಿದಳು. ನಾನು ತಡೆಯಲಾರದೆ ಏನಾದರೂ ಅಂದುಬಿಡುತ್ತಿದ್ದೆ, ಆಗ ಕೇಳಿಸಿತು. ಒಣಗಿದ, ಅಲ್ಲಲ್ಲಿ ಹರಿದ, ತೀರ ಸಣ್ಣ ದನಿ. "ಇರ್ತೇನಿ. ಮನಿಗೆ ಹೋದ್ರ ಸಾಯ್ತೇನಿ."

ಅದು ಅವ್ವನದಲ್ಲ, ಆಯಿಯದಲ್ಲ, ಅತ್ತೆಯದಲ್ಲ, ನನ್ನದಲ್ಲ. ಭೂತದ ದನಿಗೆ ಹೆದರದಿದ್ದವಳು ಆ ದನಿಗೆ ಹೆದರಿದೆ. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳ ದನಿ ಅದು, ನಾನು ಮೊದಲ ಸಲ ಕೇಳುತ್ತಿದ್ದೆ.

ಹೊರಗೆ ಡಾಕ್ಟರ್ ಅಪ್ಪನಿಗೆ ಹೇಳಿದರು, ಇದು ವ್ಯಕ್ತಿತ್ವದ ತೊಂದರೆ, ಹಟವೂ ಅಲ್ಲ ಗಾಳಿಯೂ ಅಲ್ಲ. ತಾನು ಯಾರು ಅನ್ನುವುದು ಕೈಗೆ ಸಿಗದೆ ಸಿಕ್ಕವರನ್ನು ಹಿಡಿದುಕೊಳ್ಳುತ್ತಾಳೆ, ಅವರು ಕೈ ಬಿಟ್ಟರೆ ಮುಳುಗುತ್ತಾಳೆ. ಎಲ್ಲರೂ ಇವಳಷ್ಟು ದೂರ ಹೋಗುವುದಿಲ್ಲ, ಇವಳಿಗೆ ಹೋಗಲು ಮನೆಯವರೇ ಒಂದು ಹಾದಿ ಮಾಡಿಕೊಟ್ಟರು. ಗುಳಿಗೆ ಸ್ವಲ್ಪ, ಮಾತು ಬಹಳ, ಅದೂ ವರ್ಷಗಟ್ಟಲೆ. "ಇಷ್ಟ ದಿನಾ ಎಲ್ಲಿದ್ರಿ?" ಎಂದು ಕೇಳಿ, ತಾವೇ ಉತ್ತರವನ್ನೂ ಹೇಳಿದರು. "ಇಂಥಾವ್ರು ನೆಟ್ಟಗ ನಮ್ಮ ಬಾಗಲಕ್ಕ ಬರೂದು ಕಡಿಮಿರಿ. ಊರಿನ ಎಲ್ಲಾ ಬಾಗಲಾ ಬಡದು, ಕಡೀಕ ಈ ತುರ್ತು ಬಾಗಲದಿಂದ ಬರ್ತಾರ. ಬರದ ಇರೂವ್ರೂ ಅದಾರ."

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಕ್ಕ ವಾರ್ಡಿನಲ್ಲಿ ಕೆಲವು ವಾರ ಇದ್ದಳು. ಮನೆಗೆ ಬಂದ ಮೇಲೂ ವಾರಕ್ಕೊಮ್ಮೆ ಹುನಗುಂದದ ಮೇಲೆ ಬಾಗಲಕೋಟೆಯ ಬಸ್ಸು, ನಾನು ಜೊತೆಗೆ. ಈಗಲೂ ಸಿಟ್ಟು ಬಂದರೆ ತಟ್ಟೆ ಹಾರುತ್ತದೆ. ಕೆಲವು ದಿನ ಆ ಡಾಕ್ಟರ್ ದೇವರು, ಕೆಲವು ದಿನ ಅವರ ಮುಖ ನೋಡುವುದಿಲ್ಲ ಎನ್ನುತ್ತಾಳೆ. ಕೆಲವು ಸಂಜೆ ಮಗ್ಗದ ಕೋಣೆಯಿಂದ ಅವ್ವನ ಕೆಮ್ಮು ಕೇಳಿದರೆ ನಾನು ಮಿಷನ್ ನಿಲ್ಲಿಸಿ ಅವ್ವ ಎಲ್ಲಿದ್ದಾಳೆಂದು ನೋಡುತ್ತೇನೆ.

ಮತ್ತೆ ಹಿರಿಯರ ಅಮಾವಾಸ್ಯೆ ಬಂತು. ಸೀರೆ ಬೇಡ ಎಂದು ನಾನು ಹಾರಾಡಿದೆ. ಅಕ್ಕನೇ, "ಇರ್ಲಿ ಬಿಡು" ಎಂದಳು. ಅಪ್ಪ ನೇಯ್ದ, ಅಕ್ಕ ಕೊಂಡಿ ಹಾಕಿದಳು. ಫೋಟೋದ ಮುಂದೆ ಪೂಜೆಯಾಯಿತು. ನಾನು ಅಡುಗೆ ಮನೆಯಿಂದ ಬರುವುದರೊಳಗೆ ಆಯಿ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ಕೂತಿದ್ದಳು. ಮಗ್ಗ ನಿಂತಿತ್ತು. "ಬಂದಿ ಏನವಾ?" ಎಂದು ಕೇಳುತ್ತಿದ್ದಳು. "ಏನ್ ಬೇಕು?"

ಅಕ್ಕನ ಗಂಟಲಲ್ಲಿ ಆ ಸಣ್ಣ ಸದ್ದಾಯಿತು. ಅಪ್ಪ ಕಣ್ಣು ಮುಚ್ಚಿದ. ಅವ್ವ ನನ್ನ ರಟ್ಟೆ ಹಿಡಿದಳು, ಉಗುರು ಚರ್ಮಕ್ಕೆ ಇಳಿಯಿತು. ಅಕ್ಕ ಪಕ್ಕದ ತಂಬಿಗೆ ಎತ್ತಿ ನೀರು ಕುಡಿದಳು, ನಿಧಾನಕ್ಕೆ, ಮುಗಿಯುವ ತನಕ. ಆಮೇಲೆ ಮಾತಾಡಿದಳು. ಆಸ್ಪತ್ರೆಯಲ್ಲಿ ಕೇಳಿದ ಅದೇ ಹರಿದ ದನಿ.

"ಆಯಿ, ಅಕಿ ಬರೂದಿಲ್ಲ. ಇಲ್ಲೆ ನಾ ಒಬ್ಬಾಕೇ ಅದೀನಿ."

"ಹಂಗಾರ ನನ್ನ ಮಗಳು?" ಎಂದಳು ಆಯಿ.

"ಸತ್ತು ಭಾಳ ವರ್ಷ ಆತು ಆಯಿ."

ಆಯಿ ಸೀರೆಯನ್ನು ಮಡಿಲಿಗೆ ಒತ್ತಿಕೊಂಡು ಅತ್ತಳು. ಅತ್ತೆ ಸತ್ತಾಗ ಆಯಿ ಅತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಇಷ್ಟು ದಿನ ಆಯಿಯ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೂ ನನ್ನೊಳಗೆ ಕುಸಿಯಿತು. ನಾವು ಅಕ್ಕನನ್ನು ಉಳಿಸಿಕೊಂಡ ದಿನವೇ ಆ ಮುದುಕಿಗೆ ಮಗಳು ಎರಡನೇ ಸಲ ಸತ್ತಿದ್ದಳು.

ಅಳು ಮುಗಿದ ಮೇಲೆ ಆಯಿ ಮೂಗು ಒರೆಸಿಕೊಂಡು ಕರಿಗಡಬಿನ ತಾಟು ಹತ್ತಿರ ಎಳೆದಳು. ಅದು ಅತ್ತೆಗೆ ಸೇರುತ್ತಿದ್ದದ್ದು, ಅವಳ ಇಷ್ಟದ್ದು. ತಾಟು ಹಿಡಿದವಳು ಅಕ್ಕನ ಮುಂದೆ ಚಾಚಲು ಹೋಗಿ ತಡೆದಳು. "ನಿನಗ ಏನ್ ಸೇರ್ತೈತಿ?" ಎಂದು ಕೇಳಿದಳು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಪ್ಪನಿಗೆ ಗೊತ್ತಿರಲಿಲ್ಲ, ಹೆತ್ತ ಅವ್ವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಕ್ಕ ಒಂದು ಬರಿ ತಾಟು ಎಳೆದು ಮುಂದಿಟ್ಟುಕೊಂಡಳು.

"ಇನ್ನೂ ನೋಡಬೇಕು ಆಯಿ" ಎಂದಳು. "ಸ್ವಲ್ಪ ಸ್ವಲ್ಪ ಎಲ್ಲಾ ಹಾಕು."